ಬರೆದಾಯ್ತು ಅಂದರೆ ಬರೆದಾಯ್ತೆ?

ಸಂತೆಯ ದಿನ ಗಿರಾಕಿಗಳು ಮುತ್ತಿಕೊಂಡಾಗ ಅಂಗಡಿಯವರು ಉದ್ರಿ ಲೆಕ್ಕವನ್ನೆಲ್ಲ ಆಗಲೇ ಬರೆಯುವುದಿಲ್ಲ. ‘ಬರ್ಕೊಂಡೆ, ಹೋಗಿ’ ಎಂದು ನೆನಪಿನಲ್ಲಿಟ್ಟುಕೊಂಡು, ಬಿಡುವಾದಾಗ ಪುಸ್ತಕಕ್ಕೆ ಏರಿಸುತ್ತಾರೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಮಾಡುವುದೂ ಇದನ್ನೇ. ಬರೆಯಲು ಕೊಟ್ಟ ಮಾಹಿತಿಯನ್ನು ಮೆಮೊರಿಯಲ್ಲಿ ಕ್ಯಾಶ್ ಎಂಬ ಜಾಗದಲ್ಲಿ ಇಟ್ಟುಕೊಂಡು, ಪ್ರೋಗ್ರಾಮಿಗೆ ‘ಆಯಿತು’ ಎಂದುಬಿಡುತ್ತದೆ. ಲಿನಕ್ಸ್‌ನಲ್ಲಿ ಅದು ಅರ್ಧ ನಿಮಿಷದವರೆಗೂ ಅಲ್ಲೇ ಇರಬಹುದು.

ಕೊರವಂಗಲದಲ್ಲಿರುವ ನನ್ನ ಅಕ್ಕನ ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಡೈರಿಗೆ ಹಾಲು ಹಾಕುವವರ ಲೆಕ್ಕ ಇಡುವುದು ಅವಳ ಪ್ರಾಜೆಕ್ಟು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಸಾವಿರ ನಮೂದಿಗೆ ಅರ್ಧ ನಿಮಿಷ ಹಿಡಿಯುತ್ತಿತ್ತಂತೆ. ಗೆಳತಿಯ ಮಾತು ಕೇಳಿ ಎಸ್‌ಕ್ಯೂಲೈಟ್ ಡೇಟಾಬೇಸಿನ ‘ಸಿಂಕ್ರೊನಸ್’ ಸೆಟ್ಟಿಂಗನ್ನು ಆಫ್ ಮಾಡಿದ್ದಳು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು.

“ಹೆಂಗಿದೆ ಮಾವ?” ಎಂದಳು. ನಾನು ಉತ್ತರಿಸುವ ಮೊದಲೇ, ಹಾಲು ಕರೆದು ಬಂದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿದಳು: “ಆಗ್ಲೇ ಕರೆಂಟ್ ಹೋದ್ರೆ ನನ್ನ ಹಾಲಿನ ಲೆಕ್ಕ ಏನಾಗುತ್ತೆ?”

ಕಾಲೇಜಿನಲ್ಲಿ ಯಾರೂ ಅವಳಿಗೆ ಈ ಪ್ರಶ್ನೆ ಹಾಕಿರಲಿಲ್ಲ. ಪ್ರೋಗ್ರಾಂ ಮಾತ್ರ ನಿಂತುಹೋದರೆ ತೊಂದರೆಯಿಲ್ಲ. ಉಳಿದದ್ದನ್ನು ಸಿಸ್ಟಂ ಬರೆದು ಮುಗಿಸುತ್ತದೆ. ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದು ಹೋದಂತೆಯೇ. ಅರ್ಧಂಬರ್ಧ ಬರೆದ ಫೈಲಿನಿಂದ ಡೇಟಾಬೇಸೇ ಕೆಡಬಹುದು. ಬಟವಾಡೆಯ ದಿನ ಅಕ್ಕನ ಹಾಲಿಗೆ ದಾಖಲೆಯೇ ಇರುವುದಿಲ್ಲ. (1173ರ ಬೂಚೇಶ್ವರ ದೇವಾಲಯದ ಊರಿನವಳಿಗೆ, ಕಲ್ಲಿಗೆ ಇಳಿದ ಅಕ್ಷರಕ್ಕೂ ಬಾಯಿಮಾತಿಗೂ ಇರುವ ವ್ಯತ್ಯಾಸ ನಾನು ಹೇಳಬೇಕಿರಲಿಲ್ಲ.)

ಅವಳು ಆಫ್ ಮಾಡಿದ್ದು ಕಾಯುವ ಕೆಲಸವನ್ನು. ಒಳ್ಳೆಯ ಡೇಟಾಬೇಸು ‘ಎಫ್‌ಸಿಂಕ್’ ಎಂಬ ಆಜ್ಞೆ ಕೊಟ್ಟು, ಮಾಹಿತಿ ಡಿಸ್ಕಿಗೆ ಮುಟ್ಟಿತೆಂಬ ಉತ್ತರ ಬರುವ ತನಕ ಕಾಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಒಂದು ನಮೂದಿಗೆ ಹೀಗೆ ಎರಡು ಮೂರು ಸಲ ಕಾದರೆ ಸಾವಿರಕ್ಕೆ ಅರ್ಧ ನಿಮಿಷ ಸಹಜ. ಎಸ್‌ಎಸ್‌ಡಿಯಲ್ಲಿ ಸುತ್ತುವ ತಟ್ಟೆಯಿಲ್ಲ, ಕಾಯುವುದು ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ.

ಆದರೆ ಅರ್ಧ ನಿಮಿಷ ಸಾವಿರ ನಮೂದಿಗಲ್ಲವೆ? ಒಬ್ಬರ ಪಾಲಿಗೆ ಬರುವುದು 30 ಮಿಲಿಸೆಕೆಂಡ್. ಹಾಲು ಅಳೆದು ಫ್ಯಾಟ್ ನೋಡುವ ಹೊತ್ತಿನ ಮುಂದೆ ಅದು ಯಾವ ಲೆಕ್ಕ! ಹಳೆಯ ರಿಜಿಸ್ಟರುಗಳನ್ನು ಒಟ್ಟಿಗೆ ಏರಿಸುವಾಗ ಮಾತ್ರ ವೇಗ ಬೇಕು. ಅದಕ್ಕೆ ಸಾವಿರ ನಮೂದನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿದರಾಯಿತು, ಕಾಯುವುದು ಒಂದೇ ಸಲ. ಹುಡುಗಿ ಹಾಗೆಯೇ ತಿದ್ದಿದಳು. ಹಾಲು ಹಾಕಿದವರಿಗೆ ಚೀಟಿ ಕೊಡುವುದನ್ನೂ ಕಮಿಟ್ ಆದ ಮೇಲಕ್ಕೆ ಸರಿಸಿದಳು.

ಕಾದು ಪಡೆದ ಉತ್ತರವೂ ಕೆಲವೊಮ್ಮೆ ಕೈಕೊಡುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಬರೆಯುವಾಗ ದೋಷವಾದರೆ ಎಫ್‌ಸಿಂಕ್ ಒಮ್ಮೆ ‘ಆಗಲಿಲ್ಲ’ ಎನ್ನುತ್ತದೆ. ಮತ್ತೆ ಕೇಳಿದರೆ, ಮಾಹಿತಿ ಕಳೆದುಹೋಗಿದ್ದರೂ ‘ಆಯಿತು’ ಎನ್ನಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರಾಂತ ಡೇಟಾಬೇಸು ಆ ಎರಡನೆಯ ಉತ್ತರವನ್ನು ನಂಬುತ್ತಿತ್ತೆಂಬುದು ಅದನ್ನು ರೂಪಿಸುವವರ ಗಮನಕ್ಕೆ ಬಂದದ್ದು 2018ರಲ್ಲಿ. 2019ರಿಂದ ಅದು ಮೊದಲ ಸಲ ‘ಆಗಲಿಲ್ಲ’ ಎಂಬ ಉತ್ತರ ಬಂದೊಡನೆ ಕೆಲಸ ನಿಲ್ಲಿಸಿ, ತನ್ನ ದಿನಚರಿ ಫೈಲನ್ನು ಓದಿ ಲೆಕ್ಕವನ್ನು ಮತ್ತೆ ಕಟ್ಟುತ್ತದೆ.