ನೈರೋಬಿಯಿಂದ ಮೊಂಬಾಸಾಕ್ಕೆ

ಪೂರ್ವ ಆಫ್ರಿಕದ ಕೀನ್ಯಾ ದೇಶಕ್ಕೆ ನೈರೋಬಿಯು ರಾಜಧಾನಿ. ಮೊಂಬಾಸಾ ಎಂಬುದು ಹಿಂದೂ ಮಹಾಸಾಗರದ ದಡದಲ್ಲಿರುವ ಪುರಾತನವಾದ ರೇವುಪಟ್ಟಣ. ನಕ್ಷೆಯ ಮೇಲೆ ನೇರವಾಗಿ ಗೆರೆಯೆಳೆದು ಅಳೆದರೆ ಇವೆರಡರ ನಡುವಣ ದೂರವು ಸುಮಾರು 440 ಕಿಲೋಮೀಟರು, ಎಂದರೆ 270 ಮೈಲಿಗೆ ತುಸು ಮಿಗಿಲು. ವಿಮಾನಗಳ ವೇಳಾಪಟ್ಟಿಯಲ್ಲಿ ಇದಕ್ಕೆ ಒಂದು ಗಂಟೆಯ ಅವಧಿಯನ್ನು ಕಾಣಿಸಿರುವರು. ಅದರಲ್ಲಿ ನಿಜವಾಗಿ ಗಗನದಲ್ಲಿರುವುದು ಮುಕ್ಕಾಲು ಗಂಟೆ ಮಾತ್ರ.

ನೈರೋಬಿಯು ಸಮುದ್ರಮಟ್ಟಕ್ಕಿಂತ 5,000 ಅಡಿಗೂ ಮೇಲಿರುವ ತಂಪಾದ ಊರು. ಅಲ್ಲಿನ ಗಾಳಿ ತೆಳುವಾದುದರಿಂದ ವಿಮಾನವು ಮೇಲೇಳುವ ಮುನ್ನ ಹೆಚ್ಚು ದೂರ ಓಡಬೇಕಾಗುವುದು. ಅದಕ್ಕಾಗಿಯೇ ಅಲ್ಲಿ 4 ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಕಟ್ಟಿರುವರು. ನಾವು ಬಲಗಡೆಯ ಕಿಟಕಿಯನ್ನು ಕೇಳಿ ಪಡೆದಿದ್ದೆವು. ಮೋಡಗಳು ಕೃಪೆಮಾಡಿದ್ದುದರಿಂದ 5,895 ಮೀಟರು ಎತ್ತರದ ಕಿಲಿಮಂಜಾರೋ ಶಿಖರವು ಬಿಳಿಯ ಮುಡಿಯೊಡನೆ ದರ್ಶನವಿತ್ತಿತು. ನೋಡಿ ತಣಿಯುವುದರೊಳಗಾಗಿ ವಿಮಾನವು ಇಳಿಯತೊಡಗಿತು. ಬಾಗಿಲು ತೆರೆದೊಡನೆಯೇ ಕರಾವಳಿಯ ಬೆವರಿಳಿಸುವ ಗಾಳಿ ಮುಖಕ್ಕೆ ಬಡಿಯಿತು.

ಆದರೆ ಗೃಹಸ್ಥನು ಲೆಕ್ಕಹಾಕಬೇಕಾದುದು ಮನೆಯ ಹೊಸ್ತಿಲಿನಿಂದ. ಮುಂಚಿತವಾಗಿ ನಿಲ್ದಾಣವನ್ನು ಸೇರುವುದು, ಸಾಮಾನುಗಳ ತಪಾಸಣೆ, ನೈರೋಬಿಯ ಬೀದಿಗಳ ವಾಹನಸಂದಣಿ, ಇವೆಲ್ಲವನ್ನು ಕೂಡಿಸಿದರೆ ಒಂದು ಗಂಟೆಯು ನಾಲ್ಕಾಗುವುದು. 2017ರ ಮೇ ತಿಂಗಳಲ್ಲಿ ಪ್ರಾರಂಭವಾದ ಹೊಸ ರೈಲಿನ ವೇಗದ ಗಾಡಿಯು ಸುಮಾರು ಐದು ಗಂಟೆಯಲ್ಲಿ ತಲಪಿಸುತ್ತದೆ. ಮಕ್ಕಳು ಜೊತೆಗಿದ್ದರೆ ರೈಲೇ ಲೇಸು. ತ್ಸಾವೋ ಕಾಡಿನಲ್ಲಿ ಆನೆಗಳನ್ನು ಬೇರೆ ಕಾಣಬಹುದು.

ಈ ನೆಲದ ದೂರವನ್ನು ಮೊದಲು ತಗ್ಗಿಸಿದವರು ನಮ್ಮ ದೇಶದವರು. ಬ್ರಿಟಿಷರು 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕಲಾರಂಭಿಸಿ, 1899ರಲ್ಲಿ ನೈರೋಬಿಯನ್ನೂ 1901ರಲ್ಲಿ ವಿಕ್ಟೋರಿಯಾ ಸರೋವರವನ್ನೂ ಮುಟ್ಟಿದರು. ಆ ಕೆಲಸಕ್ಕೆ ಹಿಂದೂಸ್ಥಾನದಿಂದ, ಬಹುಮಟ್ಟಿಗೆ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ದರು. ಅವರಲ್ಲಿ ಸುಮಾರು 2,500 ಮಂದಿ ತಾಯ್ನೆಲಕ್ಕೆ ಮರಳಲಿಲ್ಲ. ಆ ಕಾಡಿನಲ್ಲಿಯೇ ಮಡಿದರು. 1898ರಲ್ಲಿ ತ್ಸಾವೋ ನದಿಯ ಸೇತುವೆಯ ಬಳಿ ಎರಡು ಸಿಂಹಗಳು ರಾತ್ರಿ ಗುಡಾರಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದ ಕಥೆಯು ಲೋಕಪ್ರಸಿದ್ಧ. ಜ್ವರ ಮತ್ತು ಅತಿಸಾರಗಳಿಗೆ ಬಲಿಯಾದವರೇ ಬಹಳ ಹೆಚ್ಚಾದರೂ, ಅವರ ಕಥೆಯನ್ನು ಹೇಳುವವರಿಲ್ಲ. ವಿಮಾನವು ಆ ಕಾಡನ್ನು ಕೆಲವು ನಿಮಿಷಗಳಲ್ಲಿ ದಾಟುವುದು. ಆ ಎತ್ತರದಿಂದ ಹಳಿಯ ಗುರುತೂ ಸರಿಯಾಗಿ ತೋರುವುದಿಲ್ಲ.

ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗಾಡಿಗೆ 'ಗಾರಿ' ಎಂದೂ ಅಂಗಡಿಗೆ 'ದುಕಾ' ಎಂದೂ ಹೆಸರು. ಎಲ್ಲಿಂದ ಹೋದ ಮಾತುಗಳೆಂದು ವಾಚಕರಿಗೆ ಹೇಳಬೇಕಾಗಿಲ್ಲ. ರೈಲಿಗೆ 'ಗಾರಿ ಲಾ ಮೋಶಿ', ಎಂದರೆ ಸಾಕ್ಷಾತ್ ನಮ್ಮ ಹೊಗೆಬಂಡಿ. ವಿಮಾನಕ್ಕೆ 'ನ್ದೆಗೆ', ಹಕ್ಕಿಗೂ ಅದೇ ಹೆಸರು. ಗಂಟೆಯನ್ನಾದರೋ ಅವರು ನಮ್ಮ ಪಂಚಾಂಗದವರು ಘಳಿಗೆಯನ್ನೆಣಿಸುವಂತೆ ಸೂರ್ಯೋದಯದಿಂದ ಎಣಿಸುವರು: ನಮ್ಮ ಬೆಳಗಿನ ಏಳು ಅವರಿಗೆ ಒಂದು. ಹಿಂದಿನ ಸಂಜೆ ಬಾಡಿಗೆಯ ಕಾರಿನವನು, ನಸುಕಿನಲ್ಲಿ ಹನ್ನೊಂದನೆಯ ಗಂಟೆಗೆ ಬರುವೆನೆಂದು ಹೇಳಿ ಹೋದನು. ನಾವು ಬೆರಳು ಮಡಿಸಿ ಲೆಕ್ಕಹಾಕಿ, ಗಡಿಯಾರವನ್ನು ನಾಲ್ಕೂವರೆಗೆ ಎಬ್ಬಿಸುವಂತೆ ತಿರುಗಿಸಿಟ್ಟು ಮಲಗಿದೆವು. ಐದಕ್ಕೆ ಸರಿಯಾಗಿ ಅವನು ಬಾಗಿಲಲ್ಲಿದ್ದನು.