ಓಆರ್‌ಎಸ್ ಅಂದ್ರೆ ಎಷ್ಟು ಗ್ರಾಂ?

ಭಾಗ 1/7

ಈ ವಾರದ ಸೀರೀಸ್‌ನಲ್ಲಿ ಷೇರು ಮಾರ್ಕೆಟ್ ಇಲ್ಲ, ಎಕ್ಸಾಮ್ ಟಿಪ್ಸ್ ಇಲ್ಲ. ನಮಗೆಲ್ಲ ಗೊತ್ತಿರೋ ಒಂದು ಹೆಸರಿನ ಬಗ್ಗೆ ಬರೀತೀನಿ: ಓಆರ್‌ಎಸ್. ಬಿಕಾಂ ಓದೋಳಿಗೆ ಇದೆಲ್ಲ ಯಾಕೆ ಅಂತ ನೀವು ಕೇಳ್ತೀರ. ನಮ್ಮ ಸಿಲಬಸ್‌ನಿಂದಲೇ ಶುರು ಮಾಡ್ತೀನಿ.

ಅಕೌಂಟಿಂಗ್ ಸ್ಟ್ಯಾಂಡರ್ಡ್ 1 ನೆನಪಿದೆಯಾ? ಮೂರು ಮೂಲ ಊಹೆಗಳು: ಗೋಯಿಂಗ್ ಕನ್ಸರ್ನ್, ಕನ್ಸಿಸ್ಟೆನ್ಸಿ, ಅಕ್ರೂಯಲ್. ಎಕ್ಸಾಮ್‌ನಲ್ಲಿ ಎರಡು ಮಾರ್ಕ್ಸಿಗೆ ಬರೆದು ಮರೆತುಬಿಡ್ತೀವಿ. ಕನ್ಸಿಸ್ಟೆನ್ಸಿ ಅಂದ್ರೆ ಇಷ್ಟೇ: ಈ ವರ್ಷ 'ಲಾಭ' ಅಂತ ಯಾವ ಲೆಕ್ಕಕ್ಕೆ ಕರೆದಿರೋ, ಮುಂದಿನ ವರ್ಷವೂ ಅದೇ ಲೆಕ್ಕಕ್ಕೆ ಕರೀಬೇಕು. ಇಲ್ಲಾಂದ್ರೆ ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ನೋಡೋಕೆ ಅರ್ಥವೇ ಇರಲ್ಲ.

ಕಂಪನಿ ಲೆಕ್ಕದಲ್ಲಿ ಈ ನಿಯಮ ಮುರಿದ್ರೆ ಹೂಡಿಕೆದಾರರ ದುಡ್ಡು ಹೋಗುತ್ತೆ. ಆಸ್ಪತ್ರೆ, ಔಷಧದ ವಿಷಯದಲ್ಲಿ ಮುರಿದ್ರೆ ಏನಾಗುತ್ತೆ ಅನ್ನೋದೇ ಈ ಏಳು ಭಾಗ. ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ.

ಭಾಗ 2/7

ಮೊದಲು ಹಿನ್ನೆಲೆ. 1971. ಬಾಂಗ್ಲಾದೇಶ ವಿಮೋಚನೆಯ ಯುದ್ಧದ ಸಮಯ. ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದಿದ್ರು. ಬನ್‌ಗಾಂವ್‌ನಲ್ಲಿ ಕಾಲರಾ. ಆಸ್ಪತ್ರೆಯಲ್ಲಿ ನೆಲದ ಮೇಲೂ ರೋಗಿಗಳು. ನರಕ್ಕೆ ಹಾಕೋ ಸಲೈನ್ ಮುಗೀತಾ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಲ್ಲಿ ಬೆರೆಸಿ ಬಾಯಿಂದಲೇ ಕುಡಿಸೋ ದಾರಿ ಹಿಡಿದ್ರು. ಸುಮಾರು ನೂರಕ್ಕೆ 30ರಷ್ಟಿದ್ದ ಸಾವು, ಈ ದ್ರಾವಣ ಕುಡಿಸಿದ ಕಡೆ 3.6ಕ್ಕೆ ಇಳೀತು.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಅಂದಾಜಿಗೆ ಒಂದು ಹಿಡಿ ಉಪ್ಪು, ಒಂದು ಹಿಡಿ ಸಕ್ಕರೆ ಹಾಕಲಿಲ್ಲ. ಒಂದು ಲೀಟರ್‌ಗೆ ಗ್ಲೂಕೋಸ್ 22 ಗ್ರಾಂ, ಉಪ್ಪು 3.5 ಗ್ರಾಂ, ಸೋಡಾ 2.5 ಗ್ರಾಂ. ತೂಕ ಮಾಡಿ ಪ್ಯಾಕೆಟ್ ಕಟ್ಟಿಸಿದ್ರು. ಹಾಗೆ ತೂಕ ಮಾಡಿದ್ದಕ್ಕೇ, ಬೇರೆ ಊರಿನ ಬೇರೆ ಡಾಕ್ಟರ್ ಅದನ್ನೇ ಮಾಡಿ ನೋಡೋಕೆ ಆಯ್ತು.

1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ, ಇದು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯೇ ಇರಬಹುದು ಅನ್ನೋ ಅರ್ಥದ ಮಾತು ಬರೀತು. ಮಹಲನಬಿಸ್ 2022ರಲ್ಲಿ ತೀರಿಕೊಂಡ್ರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಭಾಗ 3/7

ಈಗ ಸ್ವಲ್ಪ ಸೈನ್ಸ್. ಭಯ ಬೇಡ, ನಾನೂ ಪಿಯುಸಿಯಲ್ಲಿ ಕಾಮರ್ಸೇ.

ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಅದರಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗೇ ಒಳಗೆ ಹೋಗ್ತವೆ, ನೀರು ಅವುಗಳ ಬೆನ್ನಿಗೆ ಹೋಗುತ್ತೆ. ಎಷ್ಟೇ ಭೇದಿ ಆಗ್ತಿದ್ರೂ ಈ ಬಾಗಿಲು ಸಾಮಾನ್ಯವಾಗಿ ಕೆಲಸ ಮಾಡ್ತಾನೇ ಇರುತ್ತೆ. ಆದರೆ ಸಕ್ಕರೆ ಜಾಸ್ತಿಯಾದ್ರೆ ಉಲ್ಟಾ: ಮೈಯಲ್ಲಿರೋ ನೀರನ್ನೇ ಅದು ಕರುಳಿಗೆ ಎಳೀತದೆ, ಭೇದಿ ಹೆಚ್ಚಾಗುತ್ತೆ. ಹಾಗಾಗಿ ಇಲ್ಲಿ ಅಳತೆಯೇ ಔಷಧ.

ಇವತ್ತಿನ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ, ಒಂದು ಲೀಟರ್ ನೀರಿಗೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಕೂಡಿ ನೋಡಿ, 20.5 ಗ್ರಾಂ. ಟ್ಯಾಲಿ ಆಯ್ತಲ್ಲ?

ಇದು ಮೊದಲಿನ ಅಳತೆಯಲ್ಲ. ಹಳೇ ದ್ರಾವಣದ ಸಾಂದ್ರತೆ 311 ಇತ್ತು, 2002ರಲ್ಲಿ 245ಕ್ಕೆ ಇಳಿಸಿದ್ರು. ಯಾಕೆ? ಬೇರೆಬೇರೆ ದೇಶದ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ, ಹೊಸ ದ್ರಾವಣ ಕುಡಿದ ಮಕ್ಕಳಲ್ಲಿ ಆಮೇಲೆ ಡ್ರಿಪ್ ಹಾಕಬೇಕಾಗಿ ಬರೋದು ಸುಮಾರು 33%, ವಾಂತಿ ಸುಮಾರು 30%, ಭೇದಿಯ ಪ್ರಮಾಣ ಸುಮಾರು 20% ಕಡಿಮೆ ಅಂತ ಕಂಡಿತು.

ಬೇರೆಬೇರೆ ದೇಶದ ಅಂಕಿಗಳನ್ನ ಒಟ್ಟು ಸೇರಿಸೋಕೆ ಹೇಗೆ ಆಯ್ತು? ಎಲ್ಲ ಕಡೆಯೂ ಅದೇ ಪ್ರಶ್ನೆ ಕೇಳಿದ್ರು. ಭೇದಿ ಎಷ್ಟು ಹೋಯ್ತು, ವಾಂತಿ ಆಯ್ತಾ, ಡ್ರಿಪ್ ಬೇಕಾಯ್ತಾ. ಒಂದು ಊರಲ್ಲಿ 'ಮಗು ಗೆಲುವಾಯ್ತು' ಅಂತ, ಇನ್ನೊಂದು ಊರಲ್ಲಿ 'ತಾಯಿಗೆ ಸಮಾಧಾನ ಆಯ್ತು' ಅಂತ ಬರೆದಿದ್ರೆ ಅದನ್ನ ಕೂಡಿಸೋಕೆ ಯಾವ ಕ್ಯಾಲ್ಕುಲೇಟರ್‌ಗೂ ಆಗ್ತಿರಲಿಲ್ಲ.

ಇನ್ನೊಂದು. ಕನ್ಸಿಸ್ಟೆನ್ಸಿ ಅಂದ್ರೆ ಎಂದೂ ಬದಲಾಯಿಸಬಾರದು ಅಂತಲ್ಲ. ಅಕೌಂಟಿಂಗ್ ಪಾಲಿಸಿ ಬದಲಾಯಿಸಿದ್ರೆ ಅದನ್ನೂ, ಅದರ ಪರಿಣಾಮವನ್ನೂ ಬಹಿರಂಗವಾಗಿ ಹೇಳಬೇಕು ಅಂತ ನಾವೇ ಓದ್ತೀವಲ್ಲ, ಹಾಗೆ. ಇಲ್ಲಿ ಎಷ್ಟಿಂದ ಎಷ್ಟಕ್ಕೆ, ಯಾಕೆ ಅಂತ ಹೇಳಿ ಬದಲಾಯಿಸಿದ್ರು.

ಭಾಗ 4/7

ಈಗ ಅಂಗಡಿ ಕಡೆ ಬನ್ನಿ. ನಾನು ವಾರಕ್ಕೆ ಮೂರು ಸಂಜೆ ಒಂದು ಮೆಡಿಕಲ್ ಶಾಪ್‌ನಲ್ಲಿ ಬಿಲ್ಲಿಂಗ್‌ಗೆ ಕೂರ್ತೀನಿ ಅಂತ ಕೆಲವರಿಗೆ ಗೊತ್ತು. 2025ರ ಬೇಸಿಗೆ. ಕಂಪ್ಯೂಟರ್‌ನಲ್ಲಿ ಓಆರ್‌ಎಸ್ ಅಂತ ಟೈಪ್ ಮಾಡಿದ್ರೆ ಪುಡಿಯ ಸ್ಯಾಚೆಟ್ಟೂ ಬರ್ತಿತ್ತು, ಹಣ್ಣಿನ ಚಿತ್ರದ ಟೆಟ್ರಾ ಪ್ಯಾಕ್‌ಗಳೂ ಬರ್ತಿದ್ವು. ಹೆಸರಿನಲ್ಲಿ ಆ ಅಕ್ಷರಗಳಿದ್ವಲ್ಲ.

ಒಬ್ಬ ತಾಯಿ ಬಂದ್ರು. ವರ್ಷದ ಮಗು, ಬೆಳಗ್ಗೆಯಿಂದ ಭೇದಿ. "ಓಆರ್‌ಎಸ್ ಕೊಡಿ" ಅಂದ್ರು. ಕೌಂಟರ್‌ನಲ್ಲಿದ್ದವರು ಎರಡು ಟೆಟ್ರಾ ಪ್ಯಾಕ್ ಕೊಟ್ರು. ಮರುದಿನ ಸಂಜೆ ಅದೇ ತಾಯಿ, ಇನ್ನೆರಡು ಬೇಕು ಅಂತ. ಮಗು ಹೆಗಲ ಮೇಲೆ ಸುಮ್ನೆ ಮಲಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನಮ್ಮ ಫಾರ್ಮಸಿಸ್ಟ್ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಕೊನೇ ಸಲ ಉಚ್ಚೆ ಹೊಯ್ದಿದ್ದು ಯಾವಾಗ?" ತಾಯಿಗೆ ನೆನಪಿರಲಿಲ್ಲ. ಅಕ್ಕ ಸ್ಯಾಚೆಟ್ ಕೈಗಿಟ್ಟು, ಈಗಲೇ ಆಸ್ಪತ್ರೆಗೆ ಹೋಗಿ ಅಂತ ಆಟೋ ಹತ್ತಿಸಿದ್ರು. ಎರಡು ದಿನ ಡ್ರಿಪ್ ಹಾಕಿದ್ರಂತೆ. ಮಗು ಚೇತರಿಸ್ಕೊಳ್ತು.

ಆ ಡ್ರಿಂಕ್‌ನಿಂದಲೇ ಹಾಗಾಯ್ತು ಅಂತ ನಾನು ಹೇಳಲ್ಲ, ಅದು ಡಾಕ್ಟರ್ ಹೇಳೋ ಮಾತು. ನನ್ನನ್ನ ಕಾಡಿದ್ದು ಬೇರೆ. ಒಂದು ದಿನ ಪೂರ್ತಿ ಆ ತಾಯಿ 'ನಾನು ಸರಿಯಾದ್ದೇ ಕೊಡ್ತಿದೀನಿ' ಅಂತ ಧೈರ್ಯವಾಗಿದ್ರು. ಓಆರ್‌ಎಸ್ ಕೊಡಬೇಕು ಅನ್ನೋ ಪಾಠ ಅವರಿಗೆ ತಲುಪಿತ್ತು. ಅವರ ಕಡೆಯಿಂದ ಏನೂ ತಪ್ಪಿರಲಿಲ್ಲ. ಹೆಸರು ಕೈಕೊಟ್ಟಿತ್ತು.

ಭಾಗ 5/7

ಈ ಹೆಸರಿನ ಜಗಳ ಸಣ್ಣದಲ್ಲ. ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರ ಜುಲೈನಲ್ಲಿ, ಮತ್ತೆ 2024ರ ಫೆಬ್ರವರಿಯಲ್ಲಿ, ಟ್ರೇಡ್‌ಮಾರ್ಕ್‌ನ ಭಾಗವಾಗಿ ಓಆರ್‌ಎಸ್ ಅಂತ ಬಳಸೋಕೆ ಒಪ್ಪಿತ್ತು. ಒಂದು ಷರತ್ತು: 'ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ' ಅನ್ನೋ ಸೂಚನೆ ಲೇಬಲ್ ಮೇಲೆ ಇರಬೇಕು.

ನೀವೇ ಯೋಚಿಸಿ. ಹೆಸರಲ್ಲಿ ಓಆರ್‌ಎಸ್, ಕೆಳಗೆ ಸಣ್ಣಕ್ಷರದಲ್ಲಿ ಓಆರ್‌ಎಸ್ ಅಲ್ಲ. ರಾತ್ರಿ ಹತ್ತು ಗಂಟೆಗೆ ಅಳ್ತಿರೋ ಮಗು ಎತ್ಕೊಂಡು ಬಂದವರು ಯಾವುದನ್ನ ಓದ್ತಾರೆ?

ಹೈದರಾಬಾದ್‌ನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಬಗ್ಗೆ ವೀಡಿಯೊ ಮಾಡಿದ್ರು, ಪತ್ರ ಬರೆದ್ರು, ಕೋರ್ಟಿಗೂ ಹೋದ್ರು. 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಹಳೇ ಅನುಮತಿ ವಾಪಸ್ ತಗೊಳ್ತು. ಆಹಾರ ಪದಾರ್ಥದ ಹೆಸರಿನಲ್ಲಿ, ಹಿಂದೆ ಮುಂದೆ ಏನೇ ಸೇರಿಸಿದ್ರೂ, ಓಆರ್‌ಎಸ್ ಅನ್ನೋ ಪದ ಬೇಡ ಅಂತ ಆದೇಶ.

ಗಮನಿಸಿ, ಆದೇಶ ಹೆಸರಿನ ಬಗ್ಗೆ. ಬಿಸಿಲಲ್ಲಿ ಕ್ರಿಕೆಟ್ ಆಡಿ ಬಂದು ಸಿಹಿ ಜ್ಯೂಸ್ ಕುಡಿಯೋದು ನಿಮ್ಮಿಷ್ಟ. ಟೆಟ್ರಾ ಪ್ಯಾಕ್ ಅಂದ ಮಾತ್ರಕ್ಕೆ ಎಲ್ಲ ಸುಳ್ಳು ಅಂತಲೂ ಅಲ್ಲ, ಸರಿಯಾದ ಅಳತೆಯ ರೆಡಿ ದ್ರಾವಣಗಳೂ ಸಿಗ್ತವೆ. ಡಬ್ಬ ಯಾವುದಾದ್ರೂ ಇರಲಿ, ಒಳಗಿರೋ ಅಳತೆ ಹೆಸರಿಗೆ ತಕ್ಕ ಹಾಗಿರಬೇಕು.

ಬಿಸಿನೆಸ್ ಲಾ ಕ್ಲಾಸ್‌ನಲ್ಲಿ ಬ್ರ್ಯಾಂಡ್ ಅಂದ್ರೆ ಕಂಪನಿಯ ಆಸ್ತಿ ಅಂತ ಕಲೀತೀವಿ. ಒಪ್ಪೋಣ. ಆದರೆ ಓಆರ್‌ಎಸ್ ಅನ್ನೋ ಹೆಸರಿನ ಬೆಲೆ ಯಾವ ಕಂಪನಿಯೂ ಕಟ್ಟಿದ್ದಲ್ಲ. ಬನ್‌ಗಾಂವ್‌ನಿಂದ ಹಿಡಿದು ನಮ್ಮೂರಿನ ಆಶಾ ಕಾರ್ಯಕರ್ತೆಯರವರೆಗೆ ಸಾವಿರಾರು ಜನ ಮನೆ ಮನೆಗೆ ಹೋಗಿ ಕಟ್ಟಿದ ಗುಡ್‌ವಿಲ್ ಅದು.

ಭಾಗ 6/7

ಮನೆಯೊಳಗೆ ಬಂದ್ರೆ ಇನ್ನೊಂದು ತೊಂದರೆ. ಫೋಟೋದಲ್ಲಿರೋ ನಾಲ್ಕು ಲೋಟ ನಮ್ಮನೇವು. ಅಮ್ಮನ ಹತ್ರ ಕೇಳಿದ್ರೆ ನಾಲ್ಕಕ್ಕೂ ಹೆಸರು 'ಒಂದು ಲೋಟ'. ಅಳತೆ ಮಾಡಿ ನೋಡಿದೆ: ಕಾಫಿ ಲೋಟ 90 ಎಂಎಲ್, ಗಾಜಿಂದು 150, ಸ್ಟೀಲಿಂದು 220, ಅಜ್ಜಂದು 300!

ಮಾರ್ಕೆಟ್‌ನಲ್ಲಿ ಒಂದು ಲೀಟರ್‌ನ ಸ್ಯಾಚೆಟ್ಟೂ ಇದೆ, 200 ಎಂಎಲ್‌ನ ಚಿಕ್ಕದೂ ಇದೆ. ದೊಡ್ಡದನ್ನ ಒಂದು ಲೋಟಕ್ಕೆ ಕಲಸಿದ್ರೆ ಉಪ್ಪು ವಿಪರೀತ ಆಗುತ್ತೆ, ಮಗುವಿಗೆ ಅಪಾಯ. ಚಿಕ್ಕದನ್ನ ಲೀಟರ್‌ಗೆ ಹಾಕಿದ್ರೆ ಬರೀ ನೀರಿದ್ದ ಹಾಗೆ.

'ಭೇದಿ' ಅನ್ನೋ ಪದವೂ ಹಾಗೇ. ಹೊಟ್ಟೆ ಕೆಟ್ಟಿದೆ, ಲೂಸ್ ಮೋಷನ್, ಹೊಟ್ಟೆ ಸರಿ ಇಲ್ಲ, ಹಲ್ಲು ಬರ್ತಿರೋದಕ್ಕೆ ಹಂಗೆ... ನಮ್ಮಲ್ಲಿ ನೂರು ಮಾತಿವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಂದೇ: 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ತೆಳ್ಳಗೆ ಹೋದ್ರೆ ಭೇದಿ. ಎದೆಹಾಲು ಮಾತ್ರ ಕುಡಿಯೋ ಕೂಸು ಮೆತ್ತಗೆ, ಪದೇಪದೇ ಹೋಗೋದು ಇದರಲ್ಲಿ ಸೇರಲ್ಲ. ಆಸ್ಪತ್ರೆಯಲ್ಲಿ 'ತುಂಬಾ ಸಲ' ಅನ್ನೋ ಬದಲು 'ಬೆಳಗ್ಗೆಯಿಂದ ಆರು ಸಲ' ಅಂದ್ರೆ ಡಾಕ್ಟರ್ ಕೆಲಸ ಅರ್ಧ ಸಲೀಸು.

ಇಡೀ ದೇಶದ ಲೆಕ್ಕವೂ ಈ ಪದಗಳ ಮೇಲೇ ನಿಂತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಸರ್ವೆಗೆ ಮುಂಚಿನ ಎರಡು ವಾರದಲ್ಲಿ ಭೇದಿಯಾಗಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ 50.6% ಮಕ್ಕಳಿಗೆ ಓಆರ್‌ಎಸ್ ಸಿಕ್ಕಿತ್ತು. ಐದನೇ ಸುತ್ತಿನಲ್ಲಿ 60.6%. ಖುಷಿಯ ಸುದ್ದಿ. ಆದರೆ ಉತ್ತರ ಕೊಡೋ ತಾಯಂದಿರಲ್ಲಿ ಕೆಲವರು ಜ್ಯೂಸ್ ಪ್ಯಾಕನ್ನೇ ಓಆರ್‌ಎಸ್ ಅಂತ ನಂಬಿದ್ರೆ ಆ ಅಂಕಿಯನ್ನ ಹೇಗೆ ಓದೋದು? ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಿರುತ್ತೆ, ಗೋದಾಮಿನಲ್ಲಿ ಸರಕು ಇರಲ್ಲ. ಮತ್ತೆ ಆ 60ರ ಪಕ್ಕದಲ್ಲಿ ಓಆರ್‌ಎಸ್ ಸಿಗದೇ ಇರೋ 40 ಮಕ್ಕಳಿದ್ದಾರೆ. ಅವರನ್ನ ಎಣಿಸೋಕೂ ಪದ ಸರಿಯಾಗಿರಬೇಕು.

ಭಾಗ 7/7

ಕೊನೇ ಭಾಗ, ಕೆಲಸಕ್ಕೆ ಬರೋದು. ಸ್ಕ್ರೀನ್‌ಶಾಟ್ ತೆಗೆದು ಮನೆ ಗ್ರೂಪ್‌ಗೆ ಹಾಕಿ.

ಅಂಗಡಿಯಲ್ಲಿ ಕೇಳೋವಾಗ 'ಓಆರ್‌ಎಸ್ ಪುಡಿ, ಡಬ್ಲ್ಯುಎಚ್‌ಒ ಫಾರ್ಮುಲಾ' ಅಂತ ಪೂರ್ತಿ ಹೇಳಿ. ಪ್ಯಾಕೆಟ್ ತಿರುಗಿಸಿ ಎರಡು ವಿಷಯ ನೋಡಿ: ಓರಲ್ ರೀಹೈಡ್ರೇಶನ್ ಸಾಲ್ಟ್ಸ್ ಐಪಿ ಅಂತ ಇದೆಯಾ, ಎಷ್ಟು ನೀರಿಗೆ ಅಂತ ಬರೆದಿದೆಯಾ.

ಒಂದು ಲೀಟರ್‌ಗೆ ಅಂತಿದ್ರೆ ಒಂದು ಲೀಟರ್‌ನ ಬಾಟಲಿಯನ್ನೇ ಅಳತೆಗೆ ಇಟ್ಕೊಳ್ಳಿ. ಕುದಿಸಿ ಆರಿಸಿದ ನೀರು. ಪೂರ್ತಿ ಪ್ಯಾಕೆಟ್ ಒಂದೇ ಸಲ. ಮೇಲೆ ಸಕ್ಕರೆ ಸೇರಿಸಬೇಡಿ. 24 ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ್ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಗುಟುಕು ಗುಟುಕಾಗಿ. ಎದೆಹಾಲು, ಊಟ ನಿಲ್ಲಿಸಬೇಡಿ. ಝಿಂಕ್ ಕೊಡಿ ಅಂತ ಡಾಕ್ಟರ್ ಹೇಳಿದ್ರೆ ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಪೂರ್ತಿ ಕೊಡಿ.

ಪ್ಯಾಕೆಟ್ ಸಿಗಲೇ ಇಲ್ವಾ? ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದು ಪ್ಯಾಕೆಟ್ ಸಿಗೋವರೆಗೆ ಮಾತ್ರ. ಚಮಚ ಗೋಪುರ ಮಾಡಬೇಡಿ, ದಯವಿಟ್ಟು.

ಮಗು ಮಂಕಾಗಿದ್ರೆ, ಕಣ್ಣು ಗುಳಿ ಬಿದ್ದಿದ್ರೆ, ಕುಡಿಯೋಕೆ ಆಗ್ತಿಲ್ಲಾಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ಉಚ್ಚೆ ನಿಂತಿದ್ರೆ, ಈ ಪೋಸ್ಟ್ ಓದ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ನಮ್ಮ ಶಾಪ್‌ನ ಕಂಪ್ಯೂಟರ್‌ನಲ್ಲಿ ಈಗ ಸ್ಯಾಚೆಟ್ ಒಂದು ಲಿಸ್ಟು, ಡ್ರಿಂಕ್ ಇನ್ನೊಂದು ಲಿಸ್ಟು. ಫಾರ್ಮಸಿಸ್ಟ್ ಅಕ್ಕ ಹೇಳಿದ್ರು, ನಾನು ಐಟಂ ಮಾಸ್ಟರ್‌ನಲ್ಲಿ ಬದಲಾಯಿಸಿದೆ. ಹತ್ತು ನಿಮಿಷದ ಕೆಲಸ.

ನಿಮ್ಮ ಮನೆಯ 'ಒಂದು ಲೋಟ' ಎಷ್ಟು ಎಂಎಲ್? ಅಳತೆ ಮಾಡಿ ಕಾಮೆಂಟ್‌ನಲ್ಲಿ ಹಾಕಿ. ಅಜ್ಜನ 300ನ್ನ ಯಾರು ಮೀರಿಸ್ತೀರ ನೋಡೋಣ.

#ಓಆರ್‌ಎಸ್ #ಬಿಕಾಂಡೈರಿ #ಅಳತೆಯೇಔಷಧ