ವಾಹಾಕಾದ ಸಂತೆಯಲ್ಲಿ ಕೊಡುಕೊಳ್ಳುವ ಮಾತು

ಮೆಕ್ಸಿಕೊ ನಗರದಿಂದ ವಾಹಾಕಾಕ್ಕೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಏಳು ಗಂಟೆಯ ಹಾದಿ. ಪುಯೆಬ್ಲಾ ದಾಟಿ ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ಗುಡ್ಡಗಳ ಮೈತುಂಬ ನೆಟ್ಟಗೆ ನಿಂತ ಕಂಬಗಳ್ಳಿ. ಈ ತೆಹುವಾಕಾನ್-ಕುಯಿಕಾತ್ಲಾನ್ ಕಣಿವೆ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನನಗೆ ಮಾತ್ರ ವಾಹಾಕಾದ ಮಾರುಕಟ್ಟೆಯದೇ ಧ್ಯಾನ. ಬನ್ನಿ, ನೋಡಿ, ಕೊಡಿ, ಹಾಕಿ ಎನ್ನುವ ಮಾತುಗಳನ್ನು ಕಿವಿತುಂಬ ಕೇಳಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಊರ ನಡುವಿನ ಬೆನಿತೊ ಹುವಾರೆಸ್ ಮಾರುಕಟ್ಟೆಯ ಬಾಗಿಲಲ್ಲೇ ‘ಪಾಸೆಲೆ, ಪಾಸೆಲೆ’ ಎಂಬ ಕೂಗು. ಒಳಗೆ ಬನ್ನಿ ಎಂದರ್ಥ. ‘ಪಾಸೆ’ ಎಂದರೂ ಸಾಕು. ಕೊನೆಯ ‘ಲೆ’ ಇಲ್ಲಿ ಯಾರನ್ನೂ ಸೂಚಿಸದು, ಮೆಕ್ಸಿಕೊದವರು ಕರೆಗೆ ಕಸುವು ತುಂಬಲು ಸೇರಿಸುವ ದನಿ ಅದು. ಉಳಿದ ಬಾಲಗಳಿಗೆಲ್ಲ ಕೆಲಸವಿದೆ. ಎಳೆಎಳೆಯಾಗಿ ಸುತ್ತಿಟ್ಟ ಕೆಸಿಯೊ ಚೀಸಿನ ಉಂಡೆಯಿಂದ ಒಂದೆಳೆ ಕಿತ್ತು ಅಂಗಡಿಯಾಕೆ ಮುಂದೆ ಹಿಡಿದರು: ‘ಪ್ರ್ವೇಬೆಲೊ, ಸೆನ್ಯೋರಾ.’ ಅದನ್ನು ರುಚಿ ನೋಡಿ ಅಮ್ಮಾ ಎಂದಂತೆ. ‘ದೆಮೆ ಉನ್ ಕ್ವಾರ್ತೊ’ ಎಂದೆ, ನನಗೆ ಕಾಲು ಕಿಲೊ ಕೊಡಿ. ತೂಗಿ ಕಟ್ಟಿದ ಪೊಟ್ಟಣವನ್ನು ಮಗನ ಕೈಗಿತ್ತು ಆಕೆ ಹೇಳಿದ್ದು ಒಂದೇ ಮಾತು: ‘ದಾಸೆಲೊ.’

ಆ ಒಂದು ಮಾತಿನಲ್ಲಿ ಸ್ಪ್ಯಾನಿಷ್ ವ್ಯಾಕರಣದ ಒಂದು ಅಧ್ಯಾಯವೇ ಇದೆ. ನಾವು ಅಂಗಡಿಯಲ್ಲಿ ಕೈ ತೋರಿಸಿ ‘ಕೊಡಿ’ ಎಂದರೆ ಮುಗಿಯಿತು. ಯಾರಿಗೆ, ಏನನ್ನು ಎಂಬುದು ಸಂದರ್ಭಕ್ಕೆ ಬಿಟ್ಟದ್ದು. ಸ್ಪ್ಯಾನಿಷ್ ಅವೆರಡನ್ನೂ ಕ್ರಿಯಾಪದದ ಬೆನ್ನಿಗೆ ಅಂಟಿಸುತ್ತದೆ, ಮೊದಲು ಯಾರಿಗೆ, ಆಮೇಲೆ ಏನನ್ನು. ದೇ-ಮೆ-ಲೊ: ಕೊಡಿ, ನನಗೆ, ಅದನ್ನು. ಮೂರನೆಯವರಿಗೆ ಕೊಡುವುದಾದರೆ ‘ಲೆ’ ಬರಬೇಕು. ಆದರೆ ‘ಲೆ’, ‘ಲೊ’ ಒಟ್ಟಿಗೆ ನಿಲ್ಲವು. ‘ಲೆ’ ಸರಿದು ‘ಸೆ’ ಬರುತ್ತದೆ. ದಾ-ಸೆ-ಲೊ, ಅವರಿಗೆ ಅದನ್ನು ಕೊಡು. ಮಗನಿಗೆ ‘ದಾ’, ಗೌರವ ಕೊಡಬೇಕಾದವರಿಗೆ ‘ದೆ’: ನಮ್ಮ ಕೊಡು, ಕೊಡಿಗಳ ಅಂತರವೇ. ಬಾಲ ಎಷ್ಟು ಬೆಳೆದರೂ ಒತ್ತು ಮಾತ್ರ ಕ್ರಿಯಾಪದ ಬಿಟ್ಟು ಕದಲದು. ದೇಮೆಲೊ ಎಂದು ಬರೆಯುವಾಗ ಒತ್ತು ಬೀಳುವ ಸ್ವರದ ನೆತ್ತಿಗೆ ಗೀಟು ಎಳೆಯುವುದು ಅದಕ್ಕಾಗಿ. ಇದನ್ನು ಕಣ್ಣಿನಿಂದ ಕಲಿಯಲಾಗದು, ನಾಲಿಗೆಯನ್ನೇ ಪಳಗಿಸಬೇಕು.

ಪಕ್ಕದ 20 ದೆ ನೊವಿಯೆಂಬ್ರೆ ಮಾರುಕಟ್ಟೆಯ ಓಣಿಯೊಂದರಲ್ಲಿ ಕೆಂಡದ ಮೇಲೆ ಮಾಂಸ ಸುಡುವ ಹೊಗೆ. ಅಲ್ಲಿ ಬೇಕು-ಬೇಡಗಳ ಪಾಠ. ಖಾರ ಬೇಕೆನ್ನುವವರು ‘ಪೋಂಗಲೆ ಸಾಲ್ಸಾ’ ಎನ್ನುತ್ತಾರೆ, ಬೇಡವೆನ್ನುವವರು ‘ನೊ ಲೆ ಪೋಂಗ ಸಾಲ್ಸಾ.’ ಬೇಡ ಎಂದೊಡನೆ ಬೆನ್ನಿಗಂಟಿದ್ದ ‘ಲೆ’ ಕಳಚಿಕೊಂಡು ಕ್ರಿಯಾಪದದ ಮುಂದಕ್ಕೆ ಬರುತ್ತದೆ. ಕನ್ನಡದಲ್ಲಿ ಹಾಕಬೇಡಿ ಎನ್ನುವಾಗ ನಿರಾಕರಣೆ ಕೊನೆಗೆ ಬಂದು ಸೇರುವುದು. ಇಲ್ಲಿ ಮೊದಲೇ ನಿಂತು ಸಾಲನ್ನೆಲ್ಲ ಬದಲಿಸುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಬೇಸರವಾಗಲಿಲ್ಲ.

ಅಲ್ಲಿಂದ ಸಿಯೆರಾ ನೋರ್ತೆ ಬೆಟ್ಟಗಳ ಗೆಲಾತಾವೊಗೆ ಹೋದೆ. ಊರು ಬಂದಾಗ ತಿಳಿಸಿ ಎಂದು ಚಾಲಕರಿಗೆ ಹೇಳಲು ‘ಅವೀಸೆಮೆ’ ಎಂಬ ಒಂದೇ ಪದ ಸಾಕಾಯಿತು. ಮಾರುಕಟ್ಟೆಗೆ ಹೆಸರು ಕೊಟ್ಟ ಬೆನಿತೊ ಹುವಾರೆಸ್ 1806ರಲ್ಲಿ ಹುಟ್ಟಿದ್ದು ಈ ಊರಿನ ಸಪೊತೆಕ್ ಮೂಲನಿವಾಸಿ ಕುಟುಂಬದಲ್ಲಿ. 1818ರಲ್ಲಿ ವಾಹಾಕಾಕ್ಕೆ ಬಂದಾಗ ಆ ಹುಡುಗನಿಗೆ ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. ಮನೆಗೆಲಸ ಮಾಡಿಕೊಂಡು ಭಾಷೆ ಕಲಿತು, ಕಾನೂನು ಓದಿ, 1858ರಲ್ಲಿ ದೇಶದ ಅಧ್ಯಕ್ಷನಾದ.

ಮೆಕ್ಸಿಕೊಗೆ ಹೊರಡುವವರು ಭೂತ, ಭವಿಷ್ಯತ್ಕಾಲಗಳ ಕೋಷ್ಟಕವನ್ನು ಆಮೇಲೆ ನೋಡಿಕೊಳ್ಳಿ. ದೆಮೆ, ಅವೀಸೆಮೆ, ನೊ ಲೆ ಪೋಂಗ, ಇಷ್ಟನ್ನು ಗೌರವದ ರೂಪದಲ್ಲೇ ಬಾಯಿಪಾಠ ಮಾಡಿ, ಹಿಂದೆಯೇ ‘ಪೋರ್ ಫಾವೋರ್’ ಸೇರಿಸುವುದನ್ನು ಮರೆಯಬೇಡಿ.